ಮನೆಗೊಂದು ವಿದ್ಯುತ್ ಮಂಡಳಿ

ಏಪ್ರಿಲ್, ಮೇ ಬಂತೆಂದರೆ ಕಲಬುರಗಿಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಬಿಸಿಲಿಗೆ ಅಷ್ಟು ಮರ್ಯಾದೆ. ಅವುಗಳ ಬೆನ್ನಿಗೇ ಕರೆಂಟೂ ಹೊರಡುತ್ತದೆ. ಕೂಲರ್ ಬಾಯಿ ಮುಚ್ಚಿದ ಕ್ಷಣ ಓಣಿಗೊಬ್ಬ ಜನರೇಟರ್ ಪಂಡಿತ ಹುಟ್ಟುತ್ತಾನೆ.

ಜನರೇಟರ್ ಅಂಗಡಿಯವನದು ಒಂದೇ ಪ್ರಶ್ನೆ: "ಏನೇನ್ ನಡಸ್ಬೇಕ್ರಿ ಅದರ ಮ್ಯಾಲ?" ಮನೆಯಲ್ಲಿ ಸರ್ಕಾರ ಬೀಳುವುದು ಇಲ್ಲೇ. ಯಜಮಾನರ ಪಟ್ಟಿಯಲ್ಲಿ ಎರಡು ಫ್ಯಾನು, ಒಂದು ಟ್ಯೂಬ್‌ಲೈಟು. ಯಜಮಾನತಿಗೆ ಫ್ರಿಜ್ಜು, ಮಿಕ್ಸರು. ಮಗನಿಗೆ ಏಸಿ. ಮೂಲೆಯಿಂದ ಅಜ್ಜಿ: "ಮೊದ್ಲ ಬೋರ್ ಚಾಲೂ ಆಗ್ತದೇನ್ ಕೇಳ್ರೊ. ನೀರ ಇಲ್ದ ಕೂಲರ್ ತಗೊಂಡು ನೆಕ್ತೀರೇನು?"

ಮನೆಗೊಬ್ಬಳೇ ಎಂಜಿನಿಯರು ಅಜ್ಜಿ. ಒಂದು ಎಚ್‌ಪಿ ಮೋಟರಿಗೆ ಓಡುವಾಗ ಸುಮಾರು ಒಂದು ಕಿಲೋವ್ಯಾಟ್ ಸಾಕು. ಏಳುವಾಗ ಮಾತ್ರ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಟಿಕೆಟ್ ಕೇಳುವ ಪುಢಾರಿಯ ಹಾಗೆ. ಇನ್ನು 5 ಕೆವಿಎ ಎಂದು ಬರೆದ ಯಂತ್ರ ಸಾಮಾನ್ಯವಾಗಿ ಕೊಡುವುದು 4 ಕಿಲೋವ್ಯಾಟ್. ಉಳಿದ 20 ಪರ್ಸೆಂಟ್ ಎಲ್ಲಿ ಹೋಯಿತೆಂದು ಕರ್ನಾಟಕದಲ್ಲಿ ಯಾರೂ ಕೇಳುವುದಿಲ್ಲ.

ಕಮಲಾಪುರದ ಬೀಗರ ಲೆಕ್ಕ ಬೇರೆ. ಅಲ್ಲಿಯ ಕೆಂಪು ಬಾಳೆಗೆ ಜಿಐ ಮಾನ್ಯತೆಯಿದೆ. ಪಂಪ್‌ಸೆಟ್ಟಿಗೆ ದಿನಕ್ಕೆ 7 ತಾಸು ತ್ರೀ ಫೇಸ್ ಎಂಬ ಘೋಷಣೆಯೂ ಇದೆ. ಯಾವ 7 ತಾಸು ಎಂಬುದು ಮಾತ್ರ ಸಸ್ಪೆನ್ಸ್. 5 ಎಚ್‌ಪಿ ಮೋಟರ್ ಎಬ್ಬಿಸಲು ಬೇಕಾದ ಜನರೇಟರಿನ ರೇಟು ಕೇಳಿ ಬೀಗರು ಕೂತೇಬಿಟ್ಟರು. "ಬಾಳಿಗೊನಿ ಮಾರಿ ಜನರೇಟರ್ ತರಬೇಕು, ಜನರೇಟರ್ ನಡಸಿ ಬಾಳಿ ಬೆಳಿಬೇಕು. ನಾ ಯಾವಾಗ ತಿನ್ಲಿ?"

2023ರಿಂದ ಗೃಹಜ್ಯೋತಿ ಉರಿಯುತ್ತಿದೆ: ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ ಜೀರೋ ಬಿಲ್. ಮನೆಯ ಸಣ್ಣ ಡೀಸೆಲ್ ಜನರೇಟರಿನಲ್ಲಿ ಲೀಟರಿಗೆ ಮೂರು ಯೂನಿಟ್ ಬಂದರೆ ಪುಣ್ಯ. ಅದೇ 200ಕ್ಕೆ ಸುಮಾರು 67 ಲೀಟರ್. ಜೀರೋ ಬಿಲ್ ಓದುವುದಕ್ಕಷ್ಟೇ ಆದರೆ ಮೊಬೈಲ್ ಟಾರ್ಚ್ ಸಾಕು.

ಕೊಂಡವರಿಗೆ ಮುಂದಿನ ಚಿಂತೆ, ಎಲ್ಲಿಡುವುದು? ಒಳಗಿಟ್ಟರೆ ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್ ವಾಸನೆಯೂ ಬಾರದೆ ಕೊಲ್ಲುತ್ತದೆ. ಆದ್ದರಿಂದ ಸುಶಿಕ್ಷಿತರು ಹೊರಗಿಟ್ಟು, ಅದರ ಮುಖವನ್ನು ಪಕ್ಕದ ಮನೆಯ ಕಿಟಕಿಗೆ ತಿರುಗಿಸುತ್ತಾರೆ. ಸಾವಿರಾರು ರೂಪಾಯಿ ಸುರಿದವರು ಚೇಂಜ್‌ಓವರ್ ಸ್ವಿಚ್ಚಿಗೆ ಮಾತ್ರ ಚೌಕಾಶಿ ಮಾಡುತ್ತಾರೆ. ಅದಿಲ್ಲದಿದ್ದರೆ ಮನೆಯ ಕರೆಂಟು ಹಿಂದಕ್ಕೆ ಲೈನಿಗೆ ಹರಿದು, ಕಂಬದ ಮೇಲಿರುವ ಲೈನ್‌ಮನ್ನನ್ನು ಹಿಡಿಯುತ್ತದೆ. ಫೋನಿನ ಮೇಲೆ ಫೋನ್ ಮಾಡಿ ಕರೆಸಿದ ಮನುಷ್ಯ ಅವನು; ಬದಲಿ ಲೈನ್‌ಮನ್ ಬರಲು ಎಷ್ಟು ದಿನ ಹಿಡಿಯುತ್ತದೆಂದು ಸ್ವಿಚ್ ಉಳಿಸಿದವರು ವಿಚಾರಿಸಿಟ್ಟುಕೊಳ್ಳಲಿ.