ಉಯ್ಯಾಲೆಗೆ ಹನ್ನೆರಡರ ಮಿತಿ

ಜಯನಗರದ ನಮ್ಮ ಬ್ಲಾಕಿನ ಪಾರ್ಕಿಗೆ ಒಂದು ಸಂವಿಧಾನವಿದೆ. ಗೇಟಿನ ಪಕ್ಕ, ತಗಡಿನ ಮೇಲೆ. ಚೆಂಡಾಟ ನಿಷೇಧ, ಸೈಕಲ್ ನಿಷೇಧ, ಗಲಾಟೆ ಮಾಡಬಾರದು, ಹೂ ಕೀಳಬಾರದು, ಹನ್ನೆರಡು ದಾಟಿದವರು ಉಯ್ಯಾಲೆ ಹತ್ತಬಾರದು. ಹೂವಿನ ಕಲಮು ಮಾತ್ರ ಸ್ವಲ್ಪ ಸಡಿಲ. ಬೆಳಗ್ಗೆ ಐದೂವರೆಗೆ ಕೋಲಿಗೆ ಕೊಕ್ಕೆ ಕಟ್ಟಿಕೊಂಡು ಬರುವ ಹಿರಿಯರು ಪೂಜೆಗೆ ದಾಸವಾಳ ತೆಗೆದರೆ ಅದು ಕೀಳುವುದಲ್ಲ, ಬಿಡಿಸುವುದು.

ಇನ್ನೊಂದು ಕಾಗದವೂ ಇದೆ. ಅದಕ್ಕೆ ಪಾಪ, ತಗಡಿನ ಭಾಗ್ಯವಿಲ್ಲ. 1989ರ ನವೆಂಬರ್ 20ರಂದು ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆ. ಒಟ್ಟು 54 ವಿಧಿ. ಅಮೆರಿಕ ಇಂದಿಗೂ ಅನುಮೋದಿಸಿಲ್ಲ, ನಾವು 1992ರ ಡಿಸೆಂಬರಿನಲ್ಲೇ ಸೇರಿಕೊಂಡೆವು. ಮಕ್ಕಳ ದುಡಿಮೆಯ ಮಾತಾಡುವ 32ನೇ ವಿಧಿ ಬಂದಾಗ ದೆಹಲಿ ಕೆಮ್ಮಿತು. ಒಮ್ಮೆಲೇ ಆಗದು, ಹಂತ ಹಂತವಾಗಿ ನೋಡೋಣ ಎಂದು ಒಂದು ಘೋಷಣೆ ಲಗತ್ತಿಸಿತು. ವಿಶ್ರಾಂತಿ, ಬಿಡುವು, ಆಟ ಮಗುವಿನ ಹಕ್ಕು ಎನ್ನುವ 31ನೇ ವಿಧಿಗೆ ಅಂಥ ಬಾಲಂಗೋಚಿ ಏನೂ ಇಲ್ಲ. ಆಟಕ್ಕೆ ಯಾರು ತಾನೇ ಅಡ್ಡ ಬರುತ್ತಾರೆ ಎಂದುಕೊಂಡಿರಬೇಕು. ನಮ್ಮ ವಾಕಿಂಗ್ ಬಳಗವನ್ನು ದೆಹಲಿ ಕಂಡಿರಲಿಲ್ಲ.

ಜಿನೀವಾ ಮಾತ್ರ ಕಂಡಂತಿದೆ. ಅಲ್ಲಿ ಕೂರುವ ಮಕ್ಕಳ ಹಕ್ಕುಗಳ ಸಮಿತಿ 2013ರಲ್ಲಿ 31ನೇ ವಿಧಿಗೊಂದು ದೀರ್ಘ ವ್ಯಾಖ್ಯಾನ ಬರೆಯಿತು. ಗೇಟು ಹಾಕಿದ ಪಾರ್ಕು, ಮಕ್ಕಳ ಸದ್ದು ಸಹಿಸದ ದೊಡ್ಡವರು, ಹೀಗೇ ಆಡಬೇಕೆಂಬ ಕಟ್ಟುನಿಟ್ಟು, ಎಲ್ಲವೂ ಅದರಲ್ಲಿವೆ. ಇಷ್ಟು ಕರಾರುವಾಕ್ಕಾಗಿ ಯಾರು ಚಾಡಿ ಹೇಳಿದರೋ. ಬಳಗಕ್ಕೆ ಅನುಮಾನ ನನ್ನ ಮೇಲೆ.

ಒಂದು ದಿನ ಮಂಕಿ ಕ್ಯಾಪಿನ ಹಿರಿಯರೊಬ್ಬರಿಗೆ ಇದನ್ನೆಲ್ಲ ವಿವರಿಸಿದೆ. ‘ರೀ, ನನ್ನ ಮಂಡಿಗೆ ಬಾಲ್ ಬಿದ್ರೆ ನಿಮ್ಮ ವಿಶ್ವಸಂಸ್ಥೆ ಬಂದು ಎಣ್ಣೆ ಹಚ್ಚತ್ತೇನ್ರೀ?’ ಎಂದರು. ನ್ಯಾಯವಾದ ಪ್ರಶ್ನೆ. ಅಷ್ಟರಲ್ಲಿ ನಗೆಕೂಟ ಶುರುವಾಯಿತು. ಇಪ್ಪತ್ತು ಜನ ಕೈಯೆತ್ತಿ ಹೋಹೋ ಹಾಹಾ ಎಂದಾಗ ಮರದ ಗಿಳಿಗಳೆಲ್ಲ ಹಾರಿಹೋದವು. ಅದು ಗಲಾಟೆಯಲ್ಲ, ಆರೋಗ್ಯ.

‘ನಿಮ್ಮ ಮೊಮ್ಮಗ ಎಲ್ಲಿ ಆಡ್ತಾನೆ ಸಾರ್?’

‘ಅವನಿಗೇನ್ ಕಮ್ಮಿ? ಜೆಪಿ ನಗರದಲ್ಲಿ ಟರ್ಫು, ಗಂಟೆ ಲೆಕ್ಕ. ಶನಿವಾರ ಸ್ಕೇಟಿಂಗು, ಭಾನುವಾರ ಅಬ್ಯಾಕಸ್ಸು. ಎಲ್ಲಾ ಫೀಸ್ ಕಟ್ಟಿದೀನಿ.’

ಬಿಡುವು ಯಾವಾಗ ಎಂದು ಕೇಳಲು ಬಾಯಿ ಬರಲಿಲ್ಲ. ಅದಕ್ಕೂ ಎಲ್ಲಾದರೂ ಕೋಚಿಂಗ್ ಹುಡುಕಿಬಿಟ್ಟಾರು.

ಸಂಜೆ ಕದ್ದು ಆಡುವ ಹುಡುಗರ ಚೆಂಡುಗಳು ಜಪ್ತಿಯಾಗಿ ಪಂಪ್‌ಮನೆ ಸೇರುತ್ತವೆ. ಬೀಗದ ಕೈ ವಾಚ್‌ಮನ್ ಹತ್ತಿರ. ಮೊನ್ನೆ ರಾತ್ರಿ ಗೇಟು ಮುಚ್ಚಿದ ಮೇಲೆ ಕಾಂಪೌಂಡು ದಾಟಿ ಚೆಂಡೊಂದು ನನ್ನ ಕಾಲ ಬಳಿ ಬಿತ್ತು. ಒಳಗೆ ವಾಚ್‌ಮನ್ನನ ಇಬ್ಬರು ಮಕ್ಕಳು, ಬರಿಗಾಲು, ಸದ್ದೇ ಇಲ್ಲ. ದೊಡ್ಡವಳು ಸರಳಿನ ನಡುವೆ ಕೈ ಚಾಚಿದಳು.

‘ಕೊಡಿ ಅಂಕಲ್. ಯಾರಿಗೂ ಹೇಳ್ಬೇಡಿ.’