ಅವ್ವನ ಮೊದಲ ಪ್ರದರ್ಶನ

ನಾವಿರುವ ಭೋಸರಿಯಲ್ಲೇ ಅಂಕುಶರಾವ್ ಲಾಂಡಗೆ ನಾಟ್ಯಗೃಹವಿದೆ. ಆದರೂ ಹೊಸ ಕನ್ನಡ ನಾಟಕದ ಮೊದಲ ಪ್ರದರ್ಶನ ನೋಡಲು ನಮ್ಮ ಮನೆಮಂದಿ ಶನಿವಾರ ನಸುಕಿನಲ್ಲೇ ಮುಂಬಯಿಗೆ ಹೊರಟಿತು, ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ. ಪಕ್ಕದ ಮನೆಯ ಕಾಕಾ, "ನಾಟಕ ಅಂದರೆ ಮರಾಠಿಯದ್ದೇ" ಎಂದು ಕೆಣಕಿದ್ದರು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದ್ದು ನಮ್ಮ ಕರ್ಕಿ ಮೇಳದ ಆಟ ನೋಡಿಯೇ ಎಂದೆ. "ಹಾಗಾದರೆ ನೀವು ತಿಂದ ಬಟಾಟೆವಡೆಯ ಸಾಲ?" ಎಂದರು. ಲೆಕ್ಕ ಹಾಕಲು ಹೋಗಲಿಲ್ಲ.

1930ರಿಂದ ಓಡುತ್ತಿರುವ ಡೆಕ್ಕನ್ ಕ್ವೀನಿನಲ್ಲಿ ಊಟದ ಬೋಗಿಯೇ ಇದೆ. ನಾನು ಅದರ ಆಮ್ಲೆಟ್ ನೆಚ್ಚಿಕೊಂಡಿದ್ದರೆ ಅವ್ವ ಸಜ್ಜೆರೊಟ್ಟಿ, ಶೇಂಗಾಚಟ್ನಿಯ ಗಂಟು ಬಿಚ್ಚಿದಳು. "ಹಾದ್ಯಾಗ ಹಸಿವಾದ್ರ ಏನ್ ಮಾಡ್ತಿ?" ಲೋನಾವಳ ಬರುವಷ್ಟರಲ್ಲಿ ಗಂಟು ಖಾಲಿ. ಎದುರಿನ ಸೀಟಿನವರೂ ಕೈಹಾಕಿದ್ದರು.

ನಾಟಕ ಶುರುವಾಯಿತು. "ಈ ಹುಡುಗ ಯಾರ ಪೈಕಿ?" ಅವ್ವನ ಪಿಸುಮಾತು ರಂಗದ ಮೇಲಿದ್ದ ರಾಜನಿಗೂ ಕೇಳಿಸಿತು. ಎರಡನೇ ದೃಶ್ಯಕ್ಕೆ ನಿದ್ದೆ ಹೋದವಳು ಕೊನೆಯ ಚಪ್ಪಾಳೆಗೇ ಎದ್ದಳು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಮರುದಿನ ವಿಜಯಪುರದ ತಂಗಿಗೆ ಫೋನಿನಲ್ಲಿ ಇಡೀ ಕತೆ ಹೇಳಿದಳು. ನಾಟಕಕ್ಕಿಂತ ಅದೇ ಚೆನ್ನಾಗಿತ್ತು. ರಾಜ ಸತ್ತೂ ಇರಲಿಲ್ಲ.