ದ್ವಿಶ್ರೋತೃ ಮೀಮಾಂಸೆ: ಪ್ರಥಮ ಪರಿಚ್ಛೇದ

ಭರತನಿಂದ ಹಿಡಿದು ಇಂದಿನ ವಿಮರ್ಶಕರವರೆಗೆ ಎಲ್ಲರೂ ಸಹೃದಯನನ್ನು ಏಕವಚನದಲ್ಲೇ ಕಂಡಿದ್ದಾರೆ. ಅವನು ಒಬ್ಬನೇ ಬರುತ್ತಾನೆ, ಕೂರುತ್ತಾನೆ, ರಸಾಸ್ವಾದ ಮಾಡಿ ಎದ್ದು ಹೋಗುತ್ತಾನೆ. ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬ ಸಹೃದಯ ಕೂತು, 'ಇದರ ಜಪಾನ್ ಪ್ರೆಸ್ಸಿಂಗ್ ಕೇಳಿದ್ದೀರಾ?' ಅಂದರೆ ರಸದ ಗತಿಯೇನು ಎಂಬ ಪ್ರಶ್ನೆಯನ್ನು ಯಾರೂ ಎತ್ತಿಲ್ಲ. ಅಭಿನವಗುಪ್ತ ರಸಕ್ಕೆ ಏಳು ವಿಘ್ನಗಳನ್ನು ಹೇಳಿದ್ದಾನೆ. ಎಂಟನೆಯದನ್ನು ವಿನಯಪೂರ್ವಕವಾಗಿ ನಾವು ಸೇರಿಸುತ್ತಿದ್ದೇವೆ: ಇನ್ನೊಬ್ಬ ಸಹೃದಯ.

ಅಧ್ಯಯನಕ್ಕೆ ಆರಿಸಿಕೊಂಡವರು ಇಬ್ಬರು. ಪೂರ್ವಪಕ್ಷದಲ್ಲಿ ರಾಯರು: ಕರ್ನಾಟಕ ಸಂಗೀತದಲ್ಲಿ ಹುಟ್ಟಿ ಜಾಝಿನಲ್ಲಿ ನೆಲೆಸಿದವರು, ಎಲ್‌ಪಿ ಪಕ್ಷಪಾತಿ. ಉತ್ತರಪಕ್ಷದಲ್ಲಿ ಗೌಡರು: ಭಾವಗೀತೆ ಮತ್ತು ರಾಕ್ ಎಂಬ ಎರಡು ದೋಣಿಗಳಲ್ಲಿ ಕಾಲಿಟ್ಟವರು, ಕ್ಯಾಸೆಟ್ಟಿನಿಂದ ನೇರವಾಗಿ ಸಿಡಿಗೆ ಜಿಗಿದವರು. ಇಬ್ಬರೂ ಬ್ಯಾಂಕಿನಿಂದ ನಿವೃತ್ತರಾದ್ದರಿಂದ ಸಮಯದ ಅಭಾವ ಎಂಬ ದೋಷ ಈ ಅಧ್ಯಯನಕ್ಕೆ ತಟ್ಟಿಲ್ಲ.

ಮೊದಲು ಕ್ರಿಯಾಕಾಂಡ. ರಾಯರು ತಟ್ಟೆಯನ್ನು ಕವರಿನಿಂದ ತೆಗೆಯುವಾಗ ಬೆರಳು ತಾಗಿಸುವುದಿಲ್ಲ. ಅಂಚನ್ನು ಎರಡು ಅಂಗೈಗಳ ನಡುವೆ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡಿ, ಉಫ್ ಎಂದು ಊದಿ, ಆಮೇಲೆ ವೆಲ್ವೆಟ್ ಬ್ರಷ್ಷನ್ನು ಗೆರೆಯ ದಿಕ್ಕಿನಲ್ಲೇ ಒಂದು ಸುತ್ತು ತಿರುಗಿಸುತ್ತಾರೆ. ಮುಳ್ಳು ಇಳಿಸಬೇಕು ಎನ್ನುವಷ್ಟರಲ್ಲಿ ಗೌಡರ ಮೊದಲ ಅಭಿಪ್ರಾಯ ಹೊರಬಿದ್ದಿರುತ್ತದೆ. ಮುಳ್ಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ರಾಯರು ಉತ್ತರ ಕೊಡುತ್ತಾರೆ. ಇದರಿಂದ ಸಿದ್ಧವಾಗುವ ಮೊದಲ ಸೂತ್ರ: ಆಲ್ಬಮ್ಮಿನ ಚರ್ಚೆಗೆ ಆಲ್ಬಮ್ ಇದ್ದರೆ ಸಾಕು, ಅದು ನುಡಿಯಬೇಕಾಗಿಲ್ಲ.

ಈಗ ಪ್ರಮಾಣ ವಿಚಾರ. ಮೈಲ್ಸ್ ಡೇವಿಸ್ 1959ರಲ್ಲಿ ತಂದ 'ಕೈಂಡ್ ಆಫ್ ಬ್ಲೂ' ಇಬ್ಬರಿಗೂ ಪೂಜ್ಯ. ಆದರೆ ಅದರ ಮೊದಲ ಮುಖದ ಮೂರು ರಚನೆಗಳನ್ನು ಮುದ್ರಿಸಿದ ದಿನ ಸ್ಟುಡಿಯೋದ ಟೇಪ್ ಯಂತ್ರ ತುಸು ನಿಧಾನವಾಗಿ ಓಡುತ್ತಿತ್ತು. ಹಾಗಾಗಿ ತಟ್ಟೆಯಲ್ಲಿ ಅವು ತುಸು ವೇಗವಾಗಿ, ಶ್ರುತಿ ತುಸು ಏರಿ ಕೇಳಿಸಿದವು. ಮೂವತ್ತಕ್ಕೂ ಹೆಚ್ಚು ವರ್ಷ ಲೋಕ ಅದನ್ನೇ ಕೇಳಿ ತಲೆದೂಗಿತು. 1990ರ ದಶಕದಲ್ಲಿ, ಜೊತೆಯಲ್ಲೇ ಓಡಿಸಿದ್ದ ಇನ್ನೊಂದು ಯಂತ್ರದ ಟೇಪಿನಿಂದ ಅದನ್ನು ಸರಿಪಡಿಸಿದರು. ರಾಯರ ಹತ್ತಿರ ಇರುವುದು ಹಳೆಯ ತಟ್ಟೆ, ಗೌಡರ ಹತ್ತಿರ ಸರಿಮಾಡಿದ ಸಿಡಿ.

'ರಾಯರೇ, ಇಷ್ಟು ವರ್ಷ ನೀವು ಕೇಳಿದ್ದು ತಪ್ಪು ಶ್ರುತಿ ಕಣ್ರೀ.'

'ಜಗತ್ತೆಲ್ಲ ಕೇಳಿದ ಶ್ರುತಿ ತಪ್ಪು ಹೇಗಾಗುತ್ತೆ ಗೌಡ್ರೇ? ನಿಮ್ಮ ಸಿಡಿಗೇ ಶ್ರುತಿ ಇಳಿದಿದೆ.'

ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಪ್ರಮಾಣಗಳ ಸಾಲಿಗೆ ಇಲ್ಲಿ 'ಪ್ರಥಮಶ್ರವಣ' ಎಂಬುದೊಂದು ಸೇರಬೇಕಾಗಿದೆ. ಮೊದಲು ಕಿವಿಗೆ ಬಿದ್ದದ್ದೇ ಸರಿ, ಮಿಕ್ಕದ್ದೆಲ್ಲ ಅಪಭ್ರಂಶ. ಪಕ್ಕದ ಬೀದಿಯಲ್ಲಿ ತಂಬೂರಿಯ ತಂತಿ ಸಡಿಲವಾದರೂ ಮುಖ ಕಿವುಚುವ ರಾಯರಿಗಾಗಲಿ, ಅವರನ್ನು ಗೇಲಿ ಮಾಡುವ ಗೌಡರಿಗಾಗಲಿ, ಪತ್ರಿಕೆಯಲ್ಲಿ ಓದುವವರೆಗೆ ಈ ವ್ಯತ್ಯಾಸ ಕೇಳಿಸಿರಲಿಲ್ಲ ಎಂಬುದನ್ನೂ ದಾಖಲಿಸಬೇಕು. (ಪ್ರಬಂಧಕಾರನಿಗೆ ಏರಿದ ಶ್ರುತಿಯೇ ಇಷ್ಟ. ಆದರೆ ಶಾಸ್ತ್ರಕಾರನಾದವನಿಗೆ ಇಷ್ಟಾನಿಷ್ಟ ಇರಕೂಡದು.)

ತಾಳ ಪ್ರಕರಣ ಇನ್ನೂ ತೊಡಕಿನದು. ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಬಂದದ್ದು 1973ರಲ್ಲಿ. ಅದರಲ್ಲಿ ಚಿಲ್ಲರೆ ಕಾಸು ಮತ್ತು ಗಲ್ಲಾಪೆಟ್ಟಿಗೆಯ ಸದ್ದಿನಿಂದ ಶುರುವಾಗುವ 'ಮನಿ' ಏಳು ಎಣಿಕೆಯ ಹಾಡು. ಮಾನವ ಪ್ರತಿಭೆ ಇದಕ್ಕಿಂತ ಮೇಲೆ ಹೋಗಿಲ್ಲ ಎಂದು ಗೌಡರು ಮಂಡಿಸಿದರು. ರಾಯರು ತೊಡೆಯ ಮೇಲೆ ಮೂರು, ನಾಲ್ಕು ಎಂದು ತಟ್ಟಿ ನೋಡಿ, 'ಮಿಶ್ರ ಛಾಪು. ನಮ್ಮಲ್ಲಿ ಮೃದಂಗ ಕಲಿಯೋ ಹುಡುಗ್ರು ನಿದ್ದೆಗಣ್ಣಲ್ಲಿ ಬಾರಿಸ್ತಾರೆ' ಎಂದರು. ಅಷ್ಟರಲ್ಲಿ ಗಿಟಾರಿನ ಸರದಿ ಬಂತು. ಅಲ್ಲಿ ಹಾಡು ಏಳನ್ನು ಬಿಟ್ಟು ನಾಲ್ಕಕ್ಕೆ ಇಳಿಯುತ್ತದೆ. ರಾಯರ ಕೈ ತೊಡೆಯ ಮೇಲೆ ಒಂದು ಕ್ಷಣ ಅನಾಥವಾಯಿತು.

'ನೋಡಿದ್ರಾ? ತಾಳ ತಪ್ಪಿದರು.'

'ಯಾರು?'

ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಈ ಆಲ್ಬಮ್ 1973ರಿಂದ 1988ರೊಳಗೆ 741 ವಾರ ಇತ್ತು. ರಾಯರ ಪಡಸಾಲೆಯಲ್ಲಿ ಗೌಡರ ಆ ಪ್ರಶ್ನೆ ಇನ್ನೂ ಪಟ್ಟಿಯಿಂದ ಇಳಿದಿಲ್ಲ.

ಇನ್ನು ದೋಷಪ್ರಕರಣ. ಕವಿರಾಜಮಾರ್ಗ ಕಾವ್ಯದೋಷಗಳನ್ನು ವಿಸ್ತಾರವಾಗಿ ಹೇಳುತ್ತದೆ. ಪಿಯಾನೋ ಪೆಡಲಿನ ದೋಷ ಅದರಲ್ಲಿ ಬಂದಿಲ್ಲ. 1975ರ ಜನವರಿ 24ರಂದು ಜರ್ಮನಿಯ ಕೋಲ್ನ್ ನಗರದ ಒಪೆರಾ ಭವನದಲ್ಲಿ ಕೀತ್ ಜ್ಯಾರೆಟ್ಟನಿಗೆ ಕೇಳಿದ ಪಿಯಾನೋ ಸಿಗಲಿಲ್ಲ. ಸಿಕ್ಕಿದ್ದು ತಾಲೀಮಿಗೆ ಇಟ್ಟಿದ್ದ ಚಿಕ್ಕದು: ಮೇಲಿನ ಸ್ವರಗಳು ಕೀಚಲು, ಕೆಳಗಿನವಕ್ಕೆ ಬಲವಿಲ್ಲ, ಪೆಡಲು ಸರಿಯಿಲ್ಲ. ನುಡಿಸುವುದಿಲ್ಲ ಎಂದವನು ಕೊನೆಗೆ ಮನಸ್ಸು ಮಾಡಿ ಕೂತ. ಹೆಚ್ಚಾಗಿ ನಡುವಿನ ಮನೆಗಳಲ್ಲೇ ಬೆರಳಾಡಿಸಿದ. ಆ ಕಛೇರಿಯ ಧ್ವನಿಮುದ್ರಣ ಲಕ್ಷಗಟ್ಟಲೆ ಮಾರಾಟವಾಯಿತು.

'ದೋಷವೇ ಗುಣವಾಯ್ತು ನೋಡಿ' ಎಂದು ರಾಯರು ಗದ್ಗದರಾದರು.

'ಹಂಗಾದ್ರೆ ನಮ್ಮ ಸಮುದಾಯ ಭವನದ ಹಾರ್ಮೋನಿಯಂನಿಂದ ಇಷ್ಟೊತ್ತಿಗೆ ಹತ್ತು ಆಲ್ಬಮ್ ಬರಬೇಕಿತ್ತು' ಎಂದರು ಗೌಡರು.

ಈ ವಾದವನ್ನು ಖಂಡಿಸಲು ಪ್ರಬಂಧಕಾರನಿಂದ ಆಗಿಲ್ಲ.

ಸಂತೂರ್, ಕೊಳಲು, ಗಿಟಾರ್ ಸೇರಿ ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನವನ್ನು ಕಟ್ಟುವ 1967ರ 'ಕಾಲ್ ಆಫ್ ದ ವ್ಯಾಲಿ' ಇಬ್ಬರಿಗೂ ಸಮನಾಗಿ ಇಷ್ಟವಾದ್ದರಿಂದ ಶಾಸ್ತ್ರಕ್ಕೆ ನಿರುಪಯೋಗಿ. ಅದನ್ನು ಕೈಬಿಡಲಾಗಿದೆ.

ಉಳಿದದ್ದು 'ನಿತ್ಯೋತ್ಸವ'. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ, 1978ರ ಕ್ಯಾಸೆಟ್ಟು. ಗೌಡರ ಪ್ರತಿಯಲ್ಲಿ ಟೇಪು ಎಷ್ಟು ಸಲ ಸಿಕ್ಕಿಕೊಂಡು ಪೆನ್ಸಿಲ್ಲಿನಿಂದ ಸುತ್ತಿಸಿಕೊಂಡಿದೆಯೋ ಲೆಕ್ಕವಿಲ್ಲ. ಒಂದು ಕಡೆ ಅನಂತಸ್ವಾಮಿಯವರ ಕಂಠ ನೀರಿನಡಿಯಿಂದ ಬಂದಂತೆ ಕೇಳುತ್ತದೆ. ಇದನ್ನು ಗೌಡರು ಮಹಾ ಆಲ್ಬಮ್ಮುಗಳ ಸಾಲಿಗೆ ಸೇರಿಸಿದ ಕೂಡಲೇ ರಾಯರು ತಡೆದರು. 'ಸುಗಮ ಸಂಗೀತ ಸೊಗಸೇ, ಇಲ್ಲ ಅನ್ನಲ್ಲ. ಆದರೆ ಆ ತೂಕ ಬೇರೆ ಗೌಡ್ರೇ.' ಮರುವಾರ ಅದೇ ರಾಯರು ಮೈಲ್ಸ್ ಡೇವಿಸನ ತಟ್ಟೆ ಒರೆಸುತ್ತ, ಬ್ರಷ್ಷಿನ ಸುತ್ತಿಗೆ ಸರಿಯಾಗಿ ಗುನುಗುತ್ತಿದ್ದದ್ದು ನಿತ್ಯೋತ್ಸವದ ಧಾಟಿ. ಗೌಡರು ಹಿಡಿದು ಕೇಳಿದಾಗ, 'ಅದು ಹಾಡಲ್ಲ, ಅಭ್ಯಾಸ' ಎಂಬ ಸಮಜಾಯಿಷಿ ಬಂತು. ಪರಿಚ್ಛೇದದ ಏಕೈಕ ನಿರ್ವಿವಾದ ಸಾಕ್ಷ್ಯ ಇದು. ದುರದೃಷ್ಟವಶಾತ್ ಎರಡೂ ಪಕ್ಷಗಳು ಇದನ್ನು ಕಡತದಿಂದ ತೆಗೆಯಬೇಕೆಂದು ಅರ್ಜಿ ಹಾಕಿವೆ.

ಈ ಮೀಮಾಂಸೆಗೆ ಆಕ್ಷೇಪಣೆ ಇರುವ ಓದುಗರು ದಯವಿಟ್ಟು ಒಬ್ಬೊಬ್ಬರೇ ಬರಬೇಡಿ. ಜೋಡಿಯಾಗಿ ಬನ್ನಿ. ಚರ್ಚಿಸಬೇಕೆಂದಿರುವ ಆಲ್ಬಮ್ಮನ್ನು ಇಬ್ಬರಲ್ಲಿ ಒಬ್ಬರಾದರೂ ಪೂರ್ತಿ ಕೇಳಿರಬೇಕು.